ಥೈರಾಯ್ಡ್ ಜಾಸ್ತಿ ಇರೋರು ರಕ್ತದ ರಿಪೋರ್ಟ್ ನೋಡ್ಕೊಳ್ಳೋದು ಹೇಗೆ, ಜ್ವರ ಬಂದ ದಿನ ಏನ್ ಮಾಡ್ಬೇಕು

"ಥೈರಾಯ್ಡ್ ಜಾಸ್ತಿ ಇದೆ ಅಂದ್ರು, ಈಗ ಹಿಮೋಗ್ಲೋಬಿನ್ನೂ ಕಮ್ಮಿ ಬಂದಿದೆ, ಎರಡಕ್ಕೂ ಸಂಬಂಧ ಇದ್ಯಾ?" "ಕಾರ್ಬಿಮಝೋಲ್ ತಗೊಂಡ್ರೆ ಬಿಳಿ ರಕ್ತಕಣ ಪೂರ್ತಿ ಬಿದ್ದೋಗುತ್ತಂತೆ, ನಿಜಾನಾ?" "ಪ್ಲೇಟ್‌ಲೆಟ್ ತೊಂಬತ್ತು ಸಾವಿರ ಇದೆ, ಡೆಂಗ್ಯೂ ಇಲ್ಲ ಅಂತಾರೆ, ಮತ್ತೆ ಯಾಕೆ ಇಳೀತು?" ಈ ಮೂರು ಪ್ರಶ್ನೆ ಬೇರೆ ಬೇರೆ ಮಾತಲ್ಲಿ ಬರ್ತಾನೇ ಇವೆ, ಪ್ರತಿಯೊಬ್ಬರಿಗೂ ಅರ್ಧಂಬರ್ಧ ಉತ್ತರ ಕೊಡೋ ಬದಲು ಎಲ್ಲಾನೂ ಒಂದೇ ಕಡೆ, ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಕ್ರಮದಲ್ಲಿ ಬರೀತಿದೀನಿ.

ಚಿಕ್ಕ ಉತ್ತರ ಏನಂದ್ರೆ, ಹೌದು, ಸಂಬಂಧ ಇದೆ. ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದ್ರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟೋ ರೀತಿ ನಾಲ್ಕರ ಮೇಲೂ ಪರಿಣಾಮ ಆಗುತ್ತೆ. ಬಹಳ ಜನರಲ್ಲಿ ಅದು ಸಣ್ಣ ಪ್ರಮಾಣದ್ದು, ಥೈರಾಯ್ಡ್ ಹತೋಟಿಗೆ ಬಂದ ಮೇಲೆ ತಾನಾಗೇ ಸರಿ ಹೋಗುತ್ತೆ. ಆದ್ರೆ ಒಂದು ವಿಷಯ ಮಾತ್ರ ಸಣ್ಣದಲ್ಲ, ಅದು ಥೈರಾಯ್ಡ್ ಕಮ್ಮಿ ಮಾಡೋ ಮಾತ್ರೆ (ಕಾರ್ಬಿಮಝೋಲ್ ಥರದ್ದು) ತಗೊಳ್ಳೋವಾಗ ಬರೋ ಜ್ವರ ಮತ್ತೆ ಗಂಟಲು ನೋವು. ನಿಮಗೆ ಟೈಮ್ ಇಲ್ಲ, ಇಷ್ಟುದ್ದ ಓದೋಕಾಗಲ್ಲ ಅಂದ್ರೆ ನೇರ 5ನೇ ಹಂತಕ್ಕೆ ಹೋಗಿ, ಅದೊಂದು ಓದಿ, ಮನೆಯವರಿಗೂ ಓದಿಸಿ.

ಇದು ಡಾಕ್ಟರ್ ಬದಲಿಗೆ ಅಲ್ಲ. ಡಾಕ್ಟರ್ ಹತ್ರ ಹೋದಾಗ ಐದು ನಿಮಿಷದಲ್ಲಿ ಏನ್ ಕೇಳ್ಬೇಕು, ಮನೇಲಿ ಯಾವ ಲಕ್ಷಣಕ್ಕೆ ಕಾಯಬಾರದು ಅನ್ನೋದು ಗೊತ್ತಿರಲಿ ಅಂತ ಅಷ್ಟೇ.

ಮೊದಲು ಇಷ್ಟು ಇಟ್ಕೊಳ್ಳಿ: ಇಲ್ಲಿವರೆಗಿನ ಎಲ್ಲಾ ಬ್ಲಡ್ ರಿಪೋರ್ಟು ದಿನಾಂಕದ ಪ್ರಕಾರ ಜೋಡಿಸಿ ಒಂದು ಫೈಲು, ಈಗ ತಗೊಳ್ತಿರೋ ಎಲ್ಲಾ ಮಾತ್ರೆಗಳ ಸ್ಟ್ರಿಪ್ಪಿನ ಫೋಟೋ ಫೋನಲ್ಲಿ (ಕೂದಲಿಗೆ, ನಿದ್ದೆಗೆ, ಆಯುರ್ವೇದ, ಎಲ್ಲಾನೂ ಸೇರಿ), ಕೆಲಸ ಮಾಡೋ ಒಂದು ಥರ್ಮಾಮೀಟರ್, ಮತ್ತೆ ನಿಮ್ಮ ಮನೆಗೆ ಹತ್ತಿರ ಭಾನುವಾರ ರಾತ್ರಿನೂ ರಕ್ತ ಪರೀಕ್ಷೆ ಮಾಡೋ ಆಸ್ಪತ್ರೆ ಯಾವುದು ಅನ್ನೋ ಮಾಹಿತಿ. ಕೊನೇದು ಯಾರೂ ವಿಚಾರಿಸಿರಲ್ಲ. ಇವತ್ತೇ ವಿಚಾರಿಸಿ.

1. ನಿಮಗಿರೋದು ಯಾವ ಥೈರಾಯ್ಡ್ ಅಂತ ಖಚಿತ ಮಾಡ್ಕೊಳ್ಳಿ

ನಮ್ಮಲ್ಲಿ "ನನಗೆ ಥೈರಾಯ್ಡ್ ಇದೆ" ಅಂತಾರೆ, ಜಾಸ್ತಿನಾ ಕಮ್ಮಿನಾ ಅಂತ ಕೇಳಿದ್ರೆ ಗೊತ್ತಿರಲ್ಲ. ಎರಡೂ ಮಾತ್ರೇನೂ ಮನೇಲಿ "ಥೈರಾಯ್ಡ್ ಮಾತ್ರೆ"ನೇ. ಆದ್ರೆ ಒಂದಕ್ಕೊಂದು ಪೂರ್ತಿ ಉಲ್ಟಾ. ಥೈರೋನಾರ್ಮ್, ಎಲ್ಟ್ರಾಕ್ಸಿನ್ ಇವು ಹಾರ್ಮೋನ್ ಕಮ್ಮಿ ಇರೋರಿಗೆ ಕೊಡೋದು. ನಿಯೋ ಮರ್ಕಝೋಲ್ ಅಂದ್ರೆ ಕಾರ್ಬಿಮಝೋಲ್, ಇದು ಜಾಸ್ತಿ ಇರೋರಿಗೆ. ಮೆಥಿಮಝೋಲ್ ಮತ್ತೆ ಪಿಟಿಯು, ಅಂದ್ರೆ ಪ್ರೊಪೈಲ್‌ಥಯೋಯುರಾಸಿಲ್, ಇವೂ ಜಾಸ್ತಿ ಇರೋರಿಗೇ. ಕಾರ್ಬಿಮಝೋಲ್ ದೇಹದೊಳಗೆ ಹೋಗಿ ಮೆಥಿಮಝೋಲ್ ಆಗೇ ಕೆಲಸ ಮಾಡೋದು, ಹಾಗಾಗಿ ಇವೆರಡರ ಕೆಲಸಾನೂ ಅಪಾಯಾನೂ ಒಂದೇ ಅಂದ್ಕೊಳ್ಳಿ.

ರಿಪೋರ್ಟಲ್ಲಿ ಟಿಎಸ್‌ಎಚ್ ತುಂಬಾ ಕಮ್ಮಿ, ಫ್ರೀ ಟಿ4 ಅಥವಾ ಫ್ರೀ ಟಿ3 (ಇವೇ ಥೈರಾಯ್ಡ್ ಹಾರ್ಮೋನ್‌ಗಳು) ಜಾಸ್ತಿ ಇದ್ರೆ ಅದು ಹೈಪರ್‌ಥೈರಾಯ್ಡ್, ಅಂದ್ರೆ ಥೈರಾಯ್ಡ್ ಜಾಸ್ತಿ. ಟಿಎಸ್‌ಎಚ್ ಅಂದ್ರೆ ಮಿದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕೊಡೋ ಆಜ್ಞೆ. ಹಾರ್ಮೋನ್ ಆಗಲೇ ಜಾಸ್ತಿ ಇದ್ರೆ ಆ ಆಜ್ಞೆ ನಿಂತೋಗುತ್ತೆ, ಅದಕ್ಕೇ ನಂಬರ್ ಕೆಳಗೆ ಹೋಗೋದು. ಟಿಎಸ್‌ಎಚ್ 0.01 ನೋಡಿ "ಕಮ್ಮಿ ಇದೆ" ಅಂತ ಮನೇಲಿದ್ದ ಅಮ್ಮನ ಥೈರೋನಾರ್ಮ್ ನುಂಗಿದವರೂ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಕಾರಣ ಯಾವುದು ಅಂತಾನೂ ಗೊತ್ತಾಗ್ಬೇಕು. ಗ್ರೇವ್ಸ್ ಕಾಯಿಲೇನಾ (ದೇಹದ ರೋಗನಿರೋಧಕ ಶಕ್ತಿನೇ ತಪ್ಪಾಗಿ ಥೈರಾಯ್ಡನ್ನ ಕೆರಳಿಸೋದು, ಇದಕ್ಕೆ ಟಿಆರ್‌ಎಬಿ ಅನ್ನೋ ಆಂಟಿಬಾಡಿ ಟೆಸ್ಟ್ ಇದೆ), ಗಂಟು ಬಂದು ಅದೇ ಹಾರ್ಮೋನ್ ಸುರೀತಿದ್ಯಾ, ಅಥವಾ ಥೈರಾಯ್ಡೈಟಿಸ್ಸಾ, ಅಂದ್ರೆ ಗ್ರಂಥಿಗೆ ಉರಿಯೂತ ಆಗಿ ಒಳಗೆ ಶೇಖರಣೆ ಆಗಿದ್ದ ಹಾರ್ಮೋನ್ ಸೋರಿಕೆ ಆಗೋದಾ. ಈ ಕೊನೇದರಲ್ಲಿ ಕಾರ್ಬಿಮಝೋಲ್ ಕೆಲಸಕ್ಕೇ ಬರಲ್ಲ, ಯಾಕಂದ್ರೆ ಆ ಮಾತ್ರೆ ಹೊಸ ಹಾರ್ಮೋನ್ ತಯಾರಾಗೋದನ್ನ ತಡೆಯುತ್ತೆ ಅಷ್ಟೇ, ಸೋರೋದನ್ನ ತಡೆಯಲ್ಲ. ಬೇಡದ ಮಾತ್ರೆ ತಗೊಂಡು ಅದರಿಂದ ರಕ್ತಕ್ಕೆ ತೊಂದರೆ ಮಾಡ್ಕೊಳ್ಳೋದು ಯಾರಿಗೂ ಬೇಡ, ಅದಕ್ಕೇ ಕಾರಣ ಕೇಳಿ ಅಂತ ಇಷ್ಟು ಒತ್ತಿ ಹೇಳ್ತಿರೋದು. ರಕ್ತದ ಬೇರೆ ಆಟೋಇಮ್ಯೂನ್ (ರೋಗನಿರೋಧಕ ಶಕ್ತಿ ನಮ್ಮ ದೇಹದ ಮೇಲೇ ತಿರುಗಿಬೀಳೋ) ಸಮಸ್ಯೆಗಳು ಜೊತೆಗೆ ಬರೋದೂ ಮುಖ್ಯವಾಗಿ ಗ್ರೇವ್ಸ್ ಇರೋರಲ್ಲಿ.

ಎಚ್ಚರಿಕೆ: ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ ಟೆಸ್ಟಿಗೆ ಮುಂಚೆ ಕನಿಷ್ಠ 2 ದಿನ ನಿಲ್ಲಿಸಿ, ಡೋಸ್ ತುಂಬಾ ದೊಡ್ಡದಿದ್ರೆ ಇನ್ನೂ ಜಾಸ್ತಿ ದಿನ ಬಿಡಬೇಕಾಗಬಹುದು, ಲ್ಯಾಬಲ್ಲಿ ಕೇಳಿ. ಬಯೋಟಿನ್ ರಕ್ತದಲ್ಲಿ ಜಾಸ್ತಿ ಇದ್ರೆ ಕೆಲವು ಲ್ಯಾಬ್ ಮೆಷಿನ್‌ಗಳಲ್ಲಿ ಟಿಎಸ್‌ಎಚ್ ಸುಳ್ಳಾಗಿ ಕಮ್ಮಿ, ಟಿ4 ಸುಳ್ಳಾಗಿ ಜಾಸ್ತಿ ಬರುತ್ತೆ, ಟಿಆರ್‌ಎಬಿನೂ ಪಾಸಿಟಿವ್ ತೋರಿಸಬಹುದು. ಅಂದ್ರೆ ಕಾಯಿಲೇನೇ ಇಲ್ಲದೇ ಗ್ರೇವ್ಸ್ ರಿಪೋರ್ಟ್ ಕೈಗೆ ಬರುತ್ತೆ. ಥೈರಾಯ್ಡ್ ಜಾಸ್ತಿ ಇದ್ರೂ ಕೂದಲು ಉದುರುತ್ತೆ, ಅದಕ್ಕೆ ಜನ ಬಯೋಟಿನ್ ತಗೊಳ್ತಾರೆ, ಹೀಗಾಗಿ ಈ ಗೊಂದಲ ನೀವಂದ್ಕೊಂಡಷ್ಟು ಅಪರೂಪ ಅಲ್ಲ.

2. ಮೊದಲ ಮಾತ್ರೆ ನುಂಗೋ ಮುಂಚೆ ಸಿಬಿಸಿ ಮತ್ತೆ ಲಿವರ್ ಟೆಸ್ಟ್ ಮಾಡ್ಸಿ

ಸಿಬಿಸಿ ಅಂದ್ರೆ ರಕ್ತಕಣಗಳ ಪೂರ್ತಿ ಲೆಕ್ಕ, ಹಿಮೋಗ್ಲೋಬಿನ್, ಟೋಟಲ್ ಕೌಂಟ್ (ಒಟ್ಟು ಬಿಳಿ ಕಣ), ಡಿಫರೆನ್ಷಿಯಲ್ ಕೌಂಟ್ (ಯಾವ ಬಗೆ ಬಿಳಿ ಕಣ ಎಷ್ಟು), ಪ್ಲೇಟ್‌ಲೆಟ್ ಎಲ್ಲಾ ಇದರಲ್ಲೇ ಬರುತ್ತೆ. ತಾಲೂಕು ಆಸ್ಪತ್ರೇಲೂ ಮಾಡ್ತಾರೆ, ಹೊರಗೆ ಮಾಡ್ಸಿದ್ರೂ ದೊಡ್ಡ ಖರ್ಚಲ್ಲ. "ಥೈರಾಯ್ಡಿಗೆ ಇದ್ಯಾಕೆ" ಅಂತ ಬಿಡ್ಬೇಡಿ. ಇದನ್ನ ಮೊದಲೇ ಮಾಡ್ಸೋಕೆ ಒಂದು ಗಟ್ಟಿ ಕಾರಣ ಇದೆ: ಗ್ರೇವ್ಸ್ ಕಾಯಿಲೆ ತಾನೇ ಬಿಳಿ ಕಣಾನ ಸ್ವಲ್ಪ ಇಳಿಸುತ್ತೆ, ಮಾತ್ರೇನೂ ಇಳಿಸಬಹುದು. ಮೊದಲಿನ ರಿಪೋರ್ಟ್ ಇಲ್ಲದಿದ್ರೆ ಎರಡು ತಿಂಗಳಾದ ಮೇಲೆ ಕೌಂಟ್ ಕಮ್ಮಿ ಬಂದಾಗ ಇದು ಕಾಯಿಲೆಯಿಂದಾನಾ ಮಾತ್ರೆಯಿಂದಾನಾ ಅಂತ ಯಾರಿಗೂ ಹೇಳೋಕಾಗಲ್ಲ. ಕಾಯಿಲೆಯಿಂದ ಇಳಿದಿದ್ರೆ ಮಾತ್ರೆ ಮುಂದುವರಿಸ್ಬೇಕು, ಮಾತ್ರೆಯಿಂದ ಇಳಿದಿದ್ರೆ ನಿಲ್ಲಿಸ್ಬೇಕು. ನಿರ್ಧಾರ ಪೂರ್ತಿ ಉಲ್ಟಾ ಆಗೋ ಜಾಗ ಇದು.

ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ನಿನ 2016ರ ಮಾರ್ಗಸೂಚಿನೂ ಇದನ್ನೇ ಹೇಳುತ್ತೆ, ಶುರು ಮಾಡೋ ಮುಂಚೆ ಡಿಫರೆನ್ಷಿಯಲ್ ಸಮೇತ ಸಿಬಿಸಿ ಮತ್ತೆ ಲಿವರ್ ಪರೀಕ್ಷೆ ಮಾಡಿ ಅಂತ. ನ್ಯೂಟ್ರೋಫಿಲ್ (ಒಂದು ಬಗೆ ಬಿಳಿ ಕಣ, 4ನೇ ಹಂತದಲ್ಲಿ ಹೇಳ್ತೀನಿ) ಸಂಖ್ಯೆ 1,000ಕ್ಕಿಂತ ಕಮ್ಮಿ ಇದ್ರೆ ಅಥವಾ ಲಿವರ್ ಎಂಜೈಮ್ ಮಾಮೂಲಿ ಮೇಲ್ಮಿತಿಗಿಂತ 5 ಪಟ್ಟು ಜಾಸ್ತಿ ಇದ್ರೆ ಈ ಮಾತ್ರೆ ಬೇಕಾ ಅಂತ ಗಂಭೀರವಾಗಿ ಮತ್ತೆ ಯೋಚಿಸ್ಬೇಕು ಅಂತಾನೂ ಅದರಲ್ಲಿದೆ.

ಆ ಮೊದಲ ರಿಪೋರ್ಟನ್ನ ಕಳ್ಕೋಬೇಡಿ. ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ಮನೇಲಿ ಇನ್ನೊಬ್ಬರ ಫೋನಿಗೂ ಕಳ್ಸಿ.

3. ಕೆಂಪು ಕಣದ ಭಾಗ: ಹಿಮೋಗ್ಲೋಬಿನ್ ಕಮ್ಮಿ ಇದ್ರೆ ಎಲ್ಲಾನೂ ಥೈರಾಯ್ಡ್ ತಲೆಗೆ ಕಟ್ಬೇಡಿ

ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13, ಗರ್ಭಿಣಿಯರಿಗೆ 11. ಇದಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ಲೆಕ್ಕ. ಹೈಪರ್‌ಥೈರಾಯ್ಡಲ್ಲಿ ದೇಹ ಕೆಂಪು ಕಣಗಳನ್ನ ಜಾಸ್ತಿನೇ ತಯಾರು ಮಾಡುತ್ತೆ, ಆದ್ರೂ ಹಿಮೋಗ್ಲೋಬಿನ್ ಸ್ವಲ್ಪ ಕಮ್ಮಿ ಕಾಣಬಹುದು, ಯಾಕಂದ್ರೆ ರಕ್ತದ ನೀರಿನ ಅಂಶ ಹೆಚ್ಚಾಗುತ್ತೆ, ಕಣಗಳ ಆಯಸ್ಸು ಮಾಮೂಲಿ 120 ದಿನಕ್ಕಿಂತ ಕಮ್ಮಿ ಆಗುತ್ತೆ, ಕಬ್ಬಿಣದ ಅಂಶದ ಬಳಕೇನೂ ಹಳಿ ತಪ್ಪುತ್ತೆ. ಇದರ ಜೊತೆ ಎಂಸಿವಿ, ಅಂದ್ರೆ ಒಂದೊಂದು ಕೆಂಪು ಕಣದ ಸರಾಸರಿ ಗಾತ್ರ, ಕಮ್ಮಿ ಬರೋದು ತುಂಬಾ ಮಾಮೂಲು, ಹಿಮೋಗ್ಲೋಬಿನ್ ಸರಿ ಇದ್ರೂ ಬರುತ್ತೆ. ಥೈರಾಯ್ಡ್ ಹತೋಟಿಗೆ ಬಂದು ಕೆಲವು ತಿಂಗಳಾದ ಮೇಲೆ ತಾನಾಗಿ ಏರುತ್ತೆ.

ಆದ್ರೆ ಥೈರಾಯ್ಡಿಂದ ಆಗೋ ರಕ್ತಹೀನತೆ ಸಾಮಾನ್ಯವಾಗಿ ಸಣ್ಣದು. ಹಿಮೋಗ್ಲೋಬಿನ್ 7, 8 ಅಂತ ಬಂದ್ರೆ ಬೇರೆ ಕಾರಣ ಹುಡುಕಲೇಬೇಕು. ಇನ್ನೊಂದು ಮಾತು, ಥೈರಾಯ್ಡ್ ಜಾಸ್ತಿ ಇರೋ ಹೆಂಗಸರಿಗೆ ಸಾಮಾನ್ಯವಾಗಿ ಮುಟ್ಟು ಕಮ್ಮಿ ಹೋಗುತ್ತೆ ಅಥವಾ ತಿಂಗಳು ತಪ್ಪುತ್ತೆ. ನಿಮಗೆ ಮುಟ್ಟಲ್ಲಿ ತುಂಬಾ ಹೋಗ್ತಿದ್ರೆ "ಥೈರಾಯ್ಡ್ ಇದ್ಯಲ್ಲ ಅದಕ್ಕೆ" ಅಂತ ಸುಮ್ನಾಗದೇ ಸ್ತ್ರೀರೋಗ ತಜ್ಞರಿಗೆ ತೋರಿಸಿ. ವಯಸ್ಸಾದ ಗಂಡಸರಲ್ಲಿ ಹಿಮೋಗ್ಲೋಬಿನ್ ಇಳಿದಿದ್ರೆ ಹೊಟ್ಟೆ ಕರುಳಲ್ಲಿ ಎಲ್ಲಾದ್ರೂ ರಕ್ತ ಹೋಗ್ತಿದ್ಯಾ ಅಂತ ನೋಡಿಸದೇ ಬಿಡಬಾರದು, ಮಲ ಕಪ್ಪಗೆ ಹೋಗ್ತಿದ್ರಂತೂ ತಡ ಮಾಡಲೇಬೇಡಿ.

ಜನ ಎಡವೋ ಜಾಗಗಳು ಇಲ್ಲಿ ನಾಲ್ಕಿವೆ, ಒಂದೊಂದಾಗಿ ಹೇಳ್ತೀನಿ.

ಫೆರಿಟಿನ್. ಇದು ದೇಹದಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ಟೆಸ್ಟ್. ಥೈರಾಯ್ಡ್ ಜಾಸ್ತಿ ಇದ್ದಾಗ ಫೆರಿಟಿನ್ ಮೇಲಕ್ಕೆ ತಳ್ಳಿದ ಹಾಗೆ ಬರುತ್ತೆ, ಅಂದ್ರೆ ನಿಜವಾಗಿ ಕಬ್ಬಿಣ ಕಮ್ಮಿ ಇದ್ರೂ ನಾರ್ಮಲ್ ಅಂತ ಕಾಣಬಹುದು. ಕಮ್ಮಿ ಬಂದ್ರೆ ನಂಬಬಹುದು, ನಾರ್ಮಲ್ ಬಂದ್ರೆ ಥೈರಾಯ್ಡ್ ಸರಿಯಾದ ಮೇಲೆ ಇನ್ನೊಂದು ಸಲ ನೋಡ್ಸಿ.

ಥಲಸೀಮಿಯಾ ಮೈನರ್. ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರೋ ಕಾಯಿಲೆಯ ವಾಹಕರಾಗಿರೋದು ಅಂತ ಅರ್ಥ. ಎಂಸಿವಿ ಕಮ್ಮಿ ಇದೆ ಅಂತ ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ (ಹಿಮೋಗ್ಲೋಬಿನ್ ಬಗೆಗಳನ್ನ ಬೇರೆ ಮಾಡಿ ನೋಡೋ ಟೆಸ್ಟ್) ಮಾಡ್ಸಿದಾಗ ಅದರಲ್ಲಿ ಒಂದು ಬಗೆ, ಎಚ್‌ಬಿಎ2, ಸ್ವಲ್ಪ ಜಾಸ್ತಿ ಬಂದು "ಥಲಸೀಮಿಯಾ ವಾಹಕರು" ಅಂತ ಹಣೆಪಟ್ಟಿ ಬೀಳಬಹುದು. ಹೈಪರ್‌ಥೈರಾಯ್ಡ್ ಒಂದರಿಂದಲೇ ಎಚ್‌ಬಿಎ2 ಸ್ವಲ್ಪ ಏರುತ್ತೆ. ಮದುವೆ ಮಾತುಕತೆ, ಮಗು ಮಾಡ್ಕೊಳ್ಳೋ ಯೋಚನೆ ಇರೋವಾಗ ಈ ಹಣೆಪಟ್ಟಿ ಎಷ್ಟು ನೋವು ಕೊಡುತ್ತೆ ಅಂತ ಹೇಳ್ಬೇಕಿಲ್ಲ. ಗಡಿಯಲ್ಲಿರೋ ರಿಪೋರ್ಟನ್ನ ಥೈರಾಯ್ಡ್ ನಾರ್ಮಲ್ ಆದ ಮೇಲೆ ಮತ್ತೆ ಮಾಡ್ಸಿ, ಆಮೇಲೆ ತೀರ್ಮಾನಕ್ಕೆ ಬನ್ನಿ.

ಬಿ12. ಗ್ರೇವ್ಸ್ ಇರೋರಲ್ಲಿ ಪರ್ನಿಶಿಯಸ್ ಅನೀಮಿಯಾ ಬೇರೆಯವರಿಗಿಂತ ಜಾಸ್ತಿ. ಇದರಲ್ಲಿ ಬಿ12 ಹೀರ್ಕೊಳ್ಳೋಕೆ ಬೇಕಾದ ಇಂಟ್ರಿನ್ಸಿಕ್ ಫ್ಯಾಕ್ಟರ್ ಅನ್ನೋ ಪ್ರೋಟೀನನ್ನ ತಯಾರಿಸೋ ಹೊಟ್ಟೆಯ ಕೋಶಗಳ ಮೇಲೆ ರೋಗನಿರೋಧಕ ಶಕ್ತಿ ದಾಳಿ ಮಾಡುತ್ತೆ. ನಮ್ಮಲ್ಲಿ ತೊಂದರೆ ಏನಂದ್ರೆ ಸಸ್ಯಾಹಾರಿಗಳಲ್ಲಿ ಬಿ12 ಹೇಗೂ ಕಮ್ಮಿ, ಹಾಗಾಗಿ "ಮಾಂಸ ತಿನ್ನಲ್ವಲ್ಲ ಅದಕ್ಕೆ" ಅಂತ ಅಲ್ಲಿಗೇ ನಿಲ್ಲಿಸ್ತಾರೆ. ಮೀನು ಮೊಟ್ಟೆ ತಿನ್ನೋರಿಗೂ ಬಿ12 ತೀರಾ ಕಮ್ಮಿ ಇದ್ರೆ, ಅಥವಾ ಮಾತ್ರೆ ತಗೊಂಡ್ರೂ ಏರದೇ ಇದ್ರೆ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಟೆಸ್ಟ್ ಬಗ್ಗೆ ಕೇಳಿ. ಅಂಥವರಿಗೆ ಸಾಮಾನ್ಯವಾಗಿ ಇಂಜೆಕ್ಷನ್ನೇ ಕೊಡೋದು. ಕಾಲು ಜೋಮು ಹಿಡಿಯೋದು, ಕತ್ತಲಲ್ಲಿ ನಡೆಯೋವಾಗ ತೂರಾಡೋದು, ನಾಲಿಗೆ ಉರಿ ಇದ್ರೆ ಮುಂದೂಡಬೇಡಿ, ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು. ಬರೀ ಫೋಲಿಕ್ ಆಸಿಡ್ ಮಾತ್ರೆ ತಗೊಂಡ್ರೆ ರಕ್ತ ಸರಿ ಕಾಣುತ್ತೆ, ನರ ಒಳಗೊಳಗೇ ಹಾಳಾಗ್ತಾ ಹೋಗುತ್ತೆ, ಇದು ಬಹಳ ಮುಖ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಿದ್ರೆ ಅದೂ ಬಿ12 ಇಳಿಸುತ್ತೆ, ಹೇಳೋಕೆ ಮರೀಬೇಡಿ.

ಎಚ್‌ಬಿಎ1ಸಿ. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸೋ ಈ ಟೆಸ್ಟ್ ಕೆಂಪು ಕಣದ ಆಯಸ್ಸಿನ ಮೇಲೆ ನಿಂತಿದೆ. ಆಯಸ್ಸು ಕಮ್ಮಿ ಆದಾಗ ಸಕ್ಕರೆ ಇರೋದಕ್ಕಿಂತ ಕಮ್ಮಿ ತೋರಿಸಬಹುದು. ಥೈರಾಯ್ಡ್ ಜಾಸ್ತಿ ಇದ್ದಾಗ ಸಕ್ಕರೆ ನಿಜವಾಗಿ ಏರೋ ಸಾಧ್ಯತೇನೇ ಹೆಚ್ಚು, ಆದ್ರಿಂದ ಖಾಲಿ ಹೊಟ್ಟೆ ಮತ್ತೆ ಊಟ ಆದ ಮೇಲಿನ ಸಕ್ಕರೇನೂ ನೋಡ್ಸಿ.

4. ಬಿಳಿ ಕಣದ ಭಾಗ: ಟೋಟಲ್ ಕೌಂಟ್ ನೋಡಿ ಸಮಾಧಾನ ಪಡ್ಬೇಡಿ, ನ್ಯೂಟ್ರೋಫಿಲ್ ಲೆಕ್ಕ ಹಾಕಿ

ನ್ಯೂಟ್ರೋಫಿಲ್ ಅಂದ್ರೆ ಬ್ಯಾಕ್ಟೀರಿಯಾ ಒಳಗೆ ಬಂದ ತಕ್ಷಣ ಮೊದಲು ಹೋರಾಡೋ ಬಿಳಿ ಕಣ. ರಿಪೋರ್ಟಲ್ಲಿ ಇದು ಬರೀ ಶೇಕಡಾದಲ್ಲಿ ಇರುತ್ತೆ, ಕೆಲವು ಲ್ಯಾಬಲ್ಲಿ ಮಾತ್ರ ಎಎನ್‌ಸಿ ಅಂತ ನೇರ ಸಂಖ್ಯೆ ಕೊಡ್ತಾರೆ. ಇಲ್ಲದಿದ್ರೆ ನೀವೇ ಹಾಕ್ಬಹುದು: ಟೋಟಲ್ ಕೌಂಟನ್ನ ನ್ಯೂಟ್ರೋಫಿಲ್ ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ.

ಉದಾಹರಣೆಗೆ ಟೋಟಲ್ ಕೌಂಟ್ 3,200, ನ್ಯೂಟ್ರೋಫಿಲ್ 50 ಶೇಕಡಾ. ಎಎನ್‌ಸಿ 1,600. ಟೋಟಲ್ ಕೆಂಪು ಗೆರೆ ಹಾಕಿ ಬಂದಿದ್ರೂ ನ್ಯೂಟ್ರೋಫಿಲ್ ಸಾಕಷ್ಟಿದೆ, ಗಾಬರಿ ಬೇಡ. ಈಗ ಇನ್ನೊಂದು ನೋಡಿ, ಟೋಟಲ್ ಕೌಂಟ್ 4,100, ನೋಡೋಕೆ ನಾರ್ಮಲ್, ಆದ್ರೆ ನ್ಯೂಟ್ರೋಫಿಲ್ 8 ಶೇಕಡಾ. ಎಎನ್‌ಸಿ 328. ಇದು ತುರ್ತು ಪರಿಸ್ಥಿತಿ. ಎರಡನೇ ರಿಪೋರ್ಟಲ್ಲಿ ಟೋಟಲ್ ಕೌಂಟ್ ಮೊದಲನೇದಕ್ಕಿಂತ ಜಾಸ್ತಿನೇ ಇದೆ ಗಮನಿಸಿ.

ಅಂದಾಜಿಗೆ ಹೀಗೆ ಇಟ್ಕೊಳ್ಳಿ: 1,500ರ ಮೇಲಿದ್ರೆ ಸರಿ, 1,000ದಿಂದ 1,500 ಇದ್ರೆ ಡಾಕ್ಟರಿಗೆ ಹೇಳಿ ಬೇಗ ರಿಪೀಟ್ ಮಾಡ್ಸಿ, 1,000ಕ್ಕಿಂತ ಕಮ್ಮಿ ಇದ್ರೆ ಅವತ್ತೇ ಡಾಕ್ಟರ್ ಜೊತೆ ಮಾತಾಡಿ, 500ಕ್ಕಿಂತ ಕಮ್ಮಿ ಇದ್ರೆ ಅಗ್ರ್ಯಾನುಲೋಸೈಟೋಸಿಸ್, ಅಂದ್ರೆ ತುರ್ತು ಪರಿಸ್ಥಿತಿ, 5ನೇ ಹಂತ ನೋಡಿ. ಗ್ರೇವ್ಸಲ್ಲಿ ಲಿಂಫೋಸೈಟ್ (ಇನ್ನೊಂದು ಬಗೆ ಬಿಳಿ ಕಣ) ಶೇಕಡಾ ಸ್ವಲ್ಪ ಜಾಸ್ತಿ ಕಾಣೋದು ಮಾಮೂಲು, ಅದನ್ನ ಇಂಟರ್ನೆಟ್ಟಲ್ಲಿ ಹುಡುಕಿ ಬ್ಲಡ್ ಕ್ಯಾನ್ಸರ್ ಅಂತ ನಿದ್ದೆ ಕೆಡಿಸ್ಕೋಬೇಡಿ, ಡಾಕ್ಟರಿಗೆ ತೋರಿಸಿ ಕೇಳಿ ಸಾಕು.

5. ಮಾತ್ರೆ ಶುರುವಾದ ಮೇಲೆ ಜ್ವರ ಅಥವಾ ಗಂಟಲು ನೋವು ಬಂದ್ರೆ

ಈ ಇಡೀ ಲೇಖನ ನಾನು ಬರೆದಿರೋದು ಈ ಹಂತಕ್ಕೋಸ್ಕರ.

ಕಾರ್ಬಿಮಝೋಲ್, ಮೆಥಿಮಝೋಲ್, ಪಿಟಿಯು ಮೂರರಿಂದಲೂ ಅಗ್ರ್ಯಾನುಲೋಸೈಟೋಸಿಸ್ ಆಗಬಹುದು, ಅಂದ್ರೆ ನ್ಯೂಟ್ರೋಫಿಲ್ ಹೆಚ್ಚುಕಮ್ಮಿ ಇಲ್ಲವಾಗಿಬಿಡೋದು. ಸಾವಿರ ಜನರಲ್ಲಿ ಸುಮಾರು 2ರಿಂದ 5 ಜನಕ್ಕೆ ಅಷ್ಟೇ. ಹೆಚ್ಚಿನ ಕೇಸು ಮೊದಲ 3 ತಿಂಗಳಲ್ಲೇ ಆಗೋದು, ಆದ್ರೆ ಆಮೇಲೆ ಆಗಲ್ಲ ಅಂತೇನಿಲ್ಲ. ಕಾರ್ಬಿಮಝೋಲ್ ಡೋಸ್ ಜಾಸ್ತಿ ಇದ್ದಷ್ಟೂ ಅಪಾಯ ಸ್ವಲ್ಪ ಜಾಸ್ತಿ. 1940ರ ದಶಕದಲ್ಲಿ ಅಮೆರಿಕದ ಎಡ್ವಿನ್ ಆಸ್ಟ್‌ವುಡ್ ಈ ಜಾತಿಯ ಔಷಧಿಗಳನ್ನ ರೋಗಿಗಳಿಗೆ ಕೊಡೋಕೆ ಶುರು ಮಾಡಿದ ಕಾಲದಿಂದಲೂ ಇದು ಗೊತ್ತಿರೋ ವಿಷಯ. ಹಾಗಂತ ಮಾತ್ರೇನ ಹೆದರಿ ಬಿಡೋದು ತಪ್ಪು, ಹತೋಟಿ ಇಲ್ಲದ ಹೈಪರ್‌ಥೈರಾಯ್ಡ್ ಹೃದಯಕ್ಕೆ ಮಾಡೋ ಹಾನಿ ಇದಕ್ಕಿಂತ ಎಷ್ಟೋ ಜನರನ್ನ ಬಾಧಿಸುತ್ತೆ. ಮಾತ್ರೆ ತಗೊಳ್ಳಿ, ಲಕ್ಷಣ ಗೊತ್ತಿಟ್ಕೊಳ್ಳಿ.

ಲಕ್ಷಣ ಇವು: 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ, ಎಂಜಲು ನುಂಗೋಕೂ ಆಗದ ಗಂಟಲು ನೋವು, ಬಾಯಲ್ಲಿ ಹುಣ್ಣು, ಚಳಿ ನಡುಕ, ಒಸಡು ಊತ, ಕಾರಣ ಇಲ್ಲದೇ ಮೈಯೆಲ್ಲಾ ಸೋತೋಗೋದು. ಇದರಲ್ಲಿ ಯಾವುದಾದ್ರೂ ಒಂದು ಬಂದ್ರೆ:

ಮೊದಲು, ಕಾರ್ಬಿಮಝೋಲ್ ಅಥವಾ ಪಿಟಿಯು ನಿಲ್ಲಿಸಿ, ಮುಂದಿನ ಡೋಸ್ ತಗೋಬೇಡಿ. ಒಂದೆರಡು ಡೋಸ್ ತಪ್ಪಿದ್ರೆ ಥೈರಾಯ್ಡ್ ತಕ್ಷಣ ಏರಿಬಿಡಲ್ಲ. ಆದ್ರೆ ಕೈ ನಡುಕ, ಎದೆಬಡಿತಕ್ಕೆ ಕೊಟ್ಟಿರೋ ಪ್ರೊಪ್ರನಲಾಲ್ ಥರದ ಮಾತ್ರೇನ ನೀವೇ ಧಿಡೀರ್ ಅಂತ ನಿಲ್ಲಿಸಬೇಡಿ, ಅದು ಬೇರೆ.

ಎರಡನೇದು, ಅವತ್ತೇ ಸಿಬಿಸಿ ಮಾಡ್ಸಿ. ನಾಳೆ ಅಲ್ಲ, ಸೋಮವಾರ ಅಲ್ಲ. ರಾತ್ರಿ ಆಗಿದ್ರೆ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ, ಸ್ಥಿತಿ ಕೆಟ್ಟಿದ್ರೆ 108ಕ್ಕೆ ಫೋನ್ ಮಾಡಿ.

ಮೂರನೇದು, ಕೌಂಟರಲ್ಲಿ ನಿಂತು ಬಾಯ್ಬಿಟ್ಟು ಹೇಳಿ: "ನಾನು ಥೈರಾಯ್ಡಿಗೆ ಕಾರ್ಬಿಮಝೋಲ್ ತಗೊಳ್ತಿದೀನಿ, ಜ್ವರ ಬಂದಿದೆ, ನ್ಯೂಟ್ರೋಫಿಲ್ ನೋಡ್ಬೇಕು." ಬರೀ "ಜ್ವರ" ಅಂದ್ರೆ ಪ್ಯಾರಾಸಿಟಮಾಲ್ ಕೊಟ್ಟು ಕಳಿಸ್ತಾರೆ, ತಪ್ಪು ಅವರದಲ್ಲ, ದಿನಕ್ಕೆ ನೂರಾರು ಜ್ವರ ನೋಡ್ತಾರೆ.

ನಾಲ್ಕನೇದು, ರಿಪೋರ್ಟ್ ಬಂದ ಮೇಲೆ 4ನೇ ಹಂತದ ಲೆಕ್ಕ ಹಾಕಿ, ನಿಮ್ಮ ಹಳೇ ರಿಪೋರ್ಟ್ ಜೊತೆ ಇಟ್ಟು ಡಾಕ್ಟರಿಗೆ ತೋರಿಸಿ. ನ್ಯೂಟ್ರೋಫಿಲ್ ಸರಿ ಇದ್ರೆ ಜ್ವರಕ್ಕೆ ಕಾರಣ ಬೇರೆ, ಅವರು ಹೇಳಿದ ಮೇಲೆ ಮಾತ್ರೆ ಮತ್ತೆ ಶುರು ಮಾಡಿ. 500ಕ್ಕಿಂತ ಕಮ್ಮಿ ಇದ್ರೆ ಅಡ್ಮಿಟ್ ಆಗ್ಬೇಕು, ಡ್ರಿಪ್ ಹಾಕಿ ರಕ್ತನಾಳಕ್ಕೆ ಆಂಟಿಬಯೋಟಿಕ್ ಕೊಡ್ತಾರೆ, ಕೆಲವರಿಗೆ ಬಿಳಿ ಕಣ ಬೇಗ ತಯಾರಾಗ್ಲಿ ಅಂತ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ನೂ ಕೊಡ್ತಾರೆ. ಮಾತ್ರೆ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕೌಂಟ್ ವಾಪಸ್ ಬರುತ್ತೆ. ಬೇಗ ಹೋದವರು ಬಹುಪಾಲು ಚೇತರಿಸ್ಕೊಳ್ತಾರೆ, ತಡ ಮಾಡಿದವರಿಗೆ ಸೋಂಕು ರಕ್ತಕ್ಕೆ ಇಳಿದು ಜೀವಕ್ಕೇ ಕುತ್ತು ಬರುತ್ತೆ.

ತಡ ಯಾಕಾಗುತ್ತೆ ಅನ್ನೋದನ್ನೂ ಹೇಳಿಬಿಡ್ತೀನಿ. ಒಂದು, "ಹವಾ ಬದಲಾಗಿದೆ, ಉಪ್ಪು ನೀರಲ್ಲಿ ಗಾರ್ಗಲ್ ಮಾಡು, ಅರಿಶಿನ ಹಾಲು ಕುಡಿ, ಎರಡು ದಿನ ನೋಡೋಣ". ಗಾರ್ಗಲ್ ಮಾಡಿ, ಹಾಲು ಕುಡೀರಿ, ಆದ್ರೆ ರಕ್ತ ಕೊಟ್ಟು ಬಂದು ಕುಡೀರಿ. ಎರಡು, ಮೆಡಿಕಲ್ ಶಾಪಲ್ಲಿ ಎರಡು ಆಂಟಿಬಯೋಟಿಕ್ ಮಾತ್ರೆ ತಗೊಳ್ಳೋದು. ಮೂರು, "ಹೋದ ವಾರ ತಾನೇ ಸಿಬಿಸಿ ನಾರ್ಮಲ್ ಬಂದಿತ್ತು" ಅನ್ನೋ ಧೈರ್ಯ. ಅಗ್ರ್ಯಾನುಲೋಸೈಟೋಸಿಸ್ ಕೆಲವೇ ದಿನದಲ್ಲಿ ಧಿಡೀರ್ ಅಂತ ಆಗಬಹುದು, ಅದಕ್ಕೇ ವಾರವಾರ ಸುಮ್ನೆ ಕೌಂಟ್ ಮಾಡ್ಸೋದಕ್ಕಿಂತ ಲಕ್ಷಣ ಬಂದ ದಿನ ಮಾಡ್ಸೋದು ಮುಖ್ಯ ಅಂತ ಬಹಳ ತಜ್ಞರು ಹೇಳೋದು. ಡಾಕ್ಟರ್ ತಿಂಗಳಿಗೊಮ್ಮೆ ಮಾಡ್ಸಿ ಅಂದಿದ್ರೆ ಮಾಡ್ಸಿ, ಆದ್ರೆ ಅದನ್ನ ರಕ್ಷಾಕವಚ ಅಂದ್ಕೋಬೇಡಿ.

ನಾಲ್ಕನೇದು ನಮ್ಮೂರ ಕಡೆ ಮಳೆಗಾಲದ್ದು. ಜೂನಿಂದ ಮುಂದೆ ಜ್ವರ ಅಂದ್ರೆ ಎಲ್ಲರ ಬಾಯಲ್ಲೂ ಡೆಂಗ್ಯೂ. ಡೆಂಗ್ಯೂಲೂ ಬಿಳಿ ಕಣ ಇಳಿಯುತ್ತೆ, ಹಾಗಾಗಿ ಕೌಂಟ್ ಕಮ್ಮಿ ಬಂದ ತಕ್ಷಣ "ವೈರಲ್ ಇದು, ಇಳಿಯೋದು ಸಹಜ" ಅಂತ ಬಿಟ್ಟುಬಿಡೋ ಅಪಾಯ ಇದೆ. ಡೆಂಗ್ಯೂ ಟೆಸ್ಟ್ ಪಾಸಿಟಿವ್ ಬಂದ್ರೂ ಎಎನ್‌ಸಿ ಎಷ್ಟು ಅಂತ ಕೇಳಿ, ಕಾರ್ಬಿಮಝೋಲ್ ವಿಷಯ ಹೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್ ನೀವಾಗಿ ತಗೋಬೇಡಿ, ಡೆಂಗ್ಯೂ ಇದ್ರೆ ರಕ್ತಸ್ರಾವ ಆಗಬಹುದು, ಆಸ್ಪಿರಿನ್ ಅಂತೂ ರಕ್ತದಲ್ಲಿ ಪ್ರೋಟೀನಿಗೆ ಅಂಟಿರೋ ಥೈರಾಯ್ಡ್ ಹಾರ್ಮೋನನ್ನೂ ಬಿಡಿಸಿ ಹರಿಯಬಿಡಬಹುದು.

ಜ್ವರದ ಜೊತೆ ಎದೆಬಡಿತ ವಿಪರೀತ, ವಾಂತಿ ಭೇದಿ, ತೊದಲು ಮಾತು, ಗೊಂದಲ ಇದ್ರೆ ಅದು ಥೈರಾಯ್ಡ್ ಸ್ಟಾರ್ಮ್ ಇರಬಹುದು, ಅಂದ್ರೆ ಹಾರ್ಮೋನ್ ಪೂರ್ತಿ ಹಿಡಿತ ತಪ್ಪಿದ ಸ್ಥಿತಿ. ಸಣ್ಣ ಕ್ಲಿನಿಕ್ಕಿಗೆ ಹೋಗಿ ಟೈಮ್ ಕಳೀಬೇಡಿ, ಐಸಿಯು ಇರೋ ಕಡೆಗೇ ಹೋಗಿ.

ಒಂದು ಸಲ ಅಗ್ರ್ಯಾನುಲೋಸೈಟೋಸಿಸ್ ಆಯ್ತು ಅಂದ್ರೆ ಈ ಮೂರೂ ಮಾತ್ರೆ ಜೀವನಪೂರ್ತಿ ಬಂದ್. ಕಾರ್ಬಿಮಝೋಲಿಂದ ಆಯ್ತು, ಪಿಟಿಯು ಕೊಡಿ ಅನ್ನೋ ಹಾಗಿಲ್ಲ, ಅದರಿಂದಲೂ ಮತ್ತೆ ಆಗಬಹುದು. ರೇಡಿಯೋ ಅಯೋಡಿನ್ (ಥೈರಾಯ್ಡ್ ಗ್ರಂಥಿಯನ್ನ ಕುಗ್ಗಿಸೋ ವಿಕಿರಣದ ಔಷಧಿ) ಅಥವಾ ಆಪರೇಷನ್ನೇ ದಾರಿ. ಈ ಮಾತ್ರೆಗಳು ನನಗೆ ಕೊಡಬಾರದು ಅಂತ ಒಂದು ಚೀಟೀಲಿ ದೊಡ್ಡದಾಗಿ ಬರೆದು ಪರ್ಸಲ್ಲಿ ಇಟ್ಕೊಳ್ಳಿ.

6. ಪ್ಲೇಟ್‌ಲೆಟ್ ಕಮ್ಮಿ ಇದ್ರೆ

ಮಾಮೂಲಿ 1.5 ಲಕ್ಷದಿಂದ 4.5 ಲಕ್ಷ. ಹೈಪರ್‌ಥೈರಾಯ್ಡಲ್ಲಿ ಪ್ಲೇಟ್‌ಲೆಟ್ ಆಯಸ್ಸು ಕಮ್ಮಿ ಆಗಿ ಸ್ವಲ್ಪ ಇಳೀಬಹುದು. ಗ್ರೇವ್ಸ್ ಜೊತೆಗೆ ಐಟಿಪಿನೂ ಬರಬಹುದು, ಅಂದ್ರೆ ನಮ್ಮದೇ ಆಂಟಿಬಾಡಿ ಪ್ಲೇಟ್‌ಲೆಟ್ ನಾಶ ಮಾಡೋದು. ಎರಡೂ ಒಟ್ಟಿಗೆ ಇರೋ ಕೆಲವರಲ್ಲಿ ಥೈರಾಯ್ಡ್ ಹತೋಟಿಗೆ ಬಂದ ಮೇಲೆ ಪ್ಲೇಟ್‌ಲೆಟ್ಟೂ ಏರುತ್ತೆ, ಆದ್ರಿಂದ ಥೈರಾಯ್ಡ್ ಚಿಕಿತ್ಸೆ ಅರ್ಧಕ್ಕೆ ಬಿಡೋದು ಎರಡು ಕಡೆನೂ ನಷ್ಟ.

ಕಮ್ಮಿ ಬಂದ ತಕ್ಷಣ ಮಾಡ್ಬೇಕಾದ ಮೊದಲ ಕೆಲಸ, ನಿಜವಾಗ್ಲೂ ಕಮ್ಮಿನಾ ನೋಡೋದು. ಕೆಲವರ ರಕ್ತ ಟ್ಯೂಬಿನ ಇಡಿಟಿಎ ರಾಸಾಯನಿಕಕ್ಕೆ ಪ್ಲೇಟ್‌ಲೆಟ್ ಗುಂಪುಗಟ್ಟುತ್ತೆ, ಮೆಷಿನ್ ಅದನ್ನ ಸರಿಯಾಗಿ ಎಣಿಸಲ್ಲ. "ಪೆರಿಫೆರಲ್ ಸ್ಮಿಯರ್ ನೋಡಿ ಹೇಳಿ" ಅಂತ ಕೇಳಿ, ಅಂದ್ರೆ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಲ್ಲಿ ಕಣ್ಣಾರೆ ನೋಡೋದು. ನಿಜವಾಗ್ಲೂ 50,000ಕ್ಕಿಂತ ಕಮ್ಮಿ ಇದ್ರೆ ಹಲ್ಲು ಕೀಳ್ಸೋದು, ಮಾಂಸಖಂಡಕ್ಕೆ ಇಂಜೆಕ್ಷನ್ ಎಲ್ಲಾ ಡಾಕ್ಟರ್ ಕೇಳದೇ ಬೇಡ. ಕಾಲ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆ, ಒಸಡಲ್ಲಿ ರಕ್ತ, ಮೂಗಿನ ರಕ್ತ ನಿಲ್ಲದೇ ಇರೋದು, ಇವು ಅವತ್ತೇ ತೋರಿಸೋ ಲಕ್ಷಣ. ಪಪಾಯ ಎಲೆ ರಸ ಕುಡಿದು ಕಾಯೋದು ಬೇಡ, ಆಂಟಿಬಾಡಿಯಿಂದ ಇಳಿದಿರೋ ಪ್ಲೇಟ್‌ಲೆಟ್ಟಿಗೆ ಅದು ಚಿಕಿತ್ಸೆ ಅಲ್ಲ. ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಇಳಿದಿದ್ರೆ ಹೆಮಟಾಲಜಿಸ್ಟ್, ಅಂದ್ರೆ ರಕ್ತದ ಕಾಯಿಲೆ ಡಾಕ್ಟರ್ ನೋಡಲೇಬೇಕು.

7. ರಕ್ತ ಹೆಪ್ಪುಗಟ್ಟೋ ವಿಷಯ

ಇದು ಯಾರೂ ಕೇಳದೇ ಇರೋ ಪ್ರಶ್ನೆ, ಆದ್ರೆ ಕೇಳ್ಬೇಕಾದ್ದು. ಥೈರಾಯ್ಡ್ ಹಾರ್ಮೋನ್ ಜಾಸ್ತಿ ಇದ್ದಾಗ ಫ್ಯಾಕ್ಟರ್ 8, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ಫೈಬ್ರಿನೋಜನ್ ಅನ್ನೋ ಹೆಪ್ಪುಗಟ್ಟಿಸೋ ಪ್ರೋಟೀನುಗಳು ಏರುತ್ತೆ, ರಕ್ತ ಹೆಪ್ಪುಗಟ್ಟೋ ಕಡೆ ವಾಲುತ್ತೆ. ಅದರ ಮೇಲೆ ಏಟ್ರಿಯಲ್ ಫಿಬ್ರಿಲೇಷನ್, ಅಂದ್ರೆ ಹೃದಯ ತಾಳ ತಪ್ಪಿ ಬಡ್ಕೊಳ್ಳೋದು ಬಂದ್ರೆ, ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸ್ಟ್ರೋಕ್ ಆಗಬಹುದು. ವಯಸ್ಸಾದವರಲ್ಲಿ ಜಾಸ್ತಿ. ನಾಡಿ ಹಿಡಿದು ನೋಡಿ, ಬಡಿತ ಒಂದು ಲಯದಲ್ಲಿ ಇಲ್ಲ ಅನ್ಸಿದ್ರೆ ಇಸಿಜಿ ಮಾಡ್ಸಿ. ಒಂದೇ ಕಾಲು ಊದಿ ನೋವು, ಇದ್ದಕ್ಕಿದ್ದಂಗೆ ಉಸಿರು ಕಟ್ಟೋದು, ಹಿಂದೆಂದೂ ಇಲ್ಲದ ತಲೆನೋವು, ಬಾಯಿ ಸೊಟ್ಟಗಾಗೋದು ಇದ್ರೆ ನೇರ ಎಮರ್ಜೆನ್ಸಿ.

ರಕ್ತ ತೆಳು ಮಾಡೋ ಅಸಿಟ್ರಾಮ್ ಅಥವಾ ವಾರ್ಫರಿನ್ ತಗೊಳ್ಳೋರಿಗೆ ಮುಖ್ಯ ಎಚ್ಚರಿಕೆ. ಥೈರಾಯ್ಡ್ ಜಾಸ್ತಿ ಇದ್ದಾಗ ಸ್ವಲ್ಪ ಡೋಸ್ ಸಾಕು, ಐಎನ್‌ಆರ್ ಬೇಗ ಏರಿ ರಕ್ತಸ್ರಾವ ಆಗಬಹುದು. ಐಎನ್‌ಆರ್ ಅಂದ್ರೆ ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸೋ ಅಳತೆ, ಸಾಮಾನ್ಯವಾಗಿ 2ರಿಂದ 3ರ ಮಧ್ಯೆ ಇಡ್ತಾರೆ. ಕಾರ್ಬಿಮಝೋಲ್ ಕೆಲಸ ಮಾಡಿ ಥೈರಾಯ್ಡ್ ಇಳೀತಾ ಬಂದ ಹಾಗೆ ಅದೇ ಡೋಸ್ ಸಾಲದೇ ಹೋಗುತ್ತೆ. ಅಂದ್ರೆ ಥೈರಾಯ್ಡ್ ಡೋಸ್ ಬದಲಾದ ಪ್ರತಿ ಸಲಾನೂ ಐಎನ್‌ಆರ್ ಬೇಗ ಬೇಗ ನೋಡ್ಸಬೇಕು. ಹೃದಯದ ಡಾಕ್ಟರ್ ಬೇರೆ, ಥೈರಾಯ್ಡ್ ಡಾಕ್ಟರ್ ಬೇರೆ ಇದ್ರೆ ಒಬ್ಬರು ಬದಲಾಯಿಸಿದ್ದು ಇನ್ನೊಬ್ಬರಿಗೆ ಗೊತ್ತಾಗಲ್ಲ, ಆ ಸುದ್ದಿ ಮುಟ್ಟಿಸೋ ಕೆಲಸ ನಿಮ್ಮದೇ.

8. ಗರ್ಭಿಣಿಯರು, ಮತ್ತೆ ಶುರು ಮಾಡೋರು, ರೇಡಿಯೋ ಅಯೋಡಿನ್ ತಗೊಂಡೋರು

ಗರ್ಭಿಣಿಯಾಗೋ ಯೋಚನೆ ಇದ್ರೆ ಮುಂಚೇನೇ ಹೇಳಿ, ಮೊದಲ 3 ತಿಂಗಳಲ್ಲಿ ಮಾತ್ರೆ ಬೇಕೇ ಬೇಕು ಅಂದ್ರೆ ಸಾಮಾನ್ಯವಾಗಿ ಪಿಟಿಯು ಕೊಡ್ತಾರೆ. ಅದರಲ್ಲಿ ಲಿವರ್ ತೊಂದರೆ ಅಪಾಯ ಜಾಸ್ತಿ, ಕಣ್ಣು ಹಳದಿ, ಮೂತ್ರ ಕಡುಬಣ್ಣ ಆದ್ರೆ ನಿಲ್ಲಿಸಿ ತೋರಿಸಿ. ಜ್ವರದ ನಿಯಮ ಪಿಟಿಯುಗೂ ಅದೇ. ಗರ್ಭಿಣಿ ಅಂತ ಗೊತ್ತಾದ ಮೇಲೆ ಭಯಕ್ಕೆ ಥೈರಾಯ್ಡ್ ಮಾತ್ರೇನ ನೀವೇ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.

ಒಂದೂವರೆ ವರ್ಷ ಮಾತ್ರೆ ತಗೊಂಡು ಬಿಟ್ಟು, ಆಮೇಲೆ ಗ್ರೇವ್ಸ್ ಮತ್ತೆ ಬಂದು ಎರಡನೇ ಸಲ ಶುರು ಮಾಡೋರು "ನನಗೆ ಹೋದ ಸಲ ಏನೂ ಆಗಿರ್ಲಿಲ್ಲ" ಅಂತ ನಿರ್ಲಕ್ಷ್ಯ ಮಾಡ್ತಾರೆ. ಎರಡನೇ ಸಲ ಶುರು ಮಾಡಿದಾಗಲೂ ಅಗ್ರ್ಯಾನುಲೋಸೈಟೋಸಿಸ್ ಆಗಿರೋ ಉದಾಹರಣೆ ಇದೆ. 2ನೇ ಹಂತದಿಂದ ಎಲ್ಲಾ ಹೊಸದಾಗೇ ಶುರು ಮಾಡಿ.

ರೇಡಿಯೋ ಅಯೋಡಿನ್ ಅಥವಾ ಆಪರೇಷನ್ ಆದ ಮೇಲೆ ಬಹಳ ಜನಕ್ಕೆ ಥೈರಾಯ್ಡ್ ಕಮ್ಮಿ ಆಗಿ ಲೆವೊಥೈರಾಕ್ಸಿನ್ (ಥೈರೋನಾರ್ಮ್, ಎಲ್ಟ್ರಾಕ್ಸಿನ್ ಅಂದ್ರೆ ಇದೇ) ಮಾತ್ರೆ ಬೇಕಾಗುತ್ತೆ. ಆ ಹೊತ್ತಿಗೆ ರಕ್ತಹೀನತೆಗೆ ಕಬ್ಬಿಣದ ಮಾತ್ರೇನೂ ನಡೀತಿದ್ರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಕಬ್ಬಿಣ ಲೆವೊಥೈರಾಕ್ಸಿನ್ ಹೀರೋದನ್ನ ತಡೆಯುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ನೀರಿನ ಜೊತೆ ಲೆವೊಥೈರಾಕ್ಸಿನ್, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ತಿಂಡಿ, ಕನಿಷ್ಠ 4 ಗಂಟೆ ಅಂತರ ಕೊಟ್ಟು ಕಬ್ಬಿಣದ ಮಾತ್ರೆ, ಅದನ್ನ ಕಾಫಿ ಟೀ ಹಾಲಿನ ಜೊತೆ ಬೇಡ, ಒಂದು ಲೋಟ ನಿಂಬೆ ಪಾನಕದ ಜೊತೆ ತಗೊಂಡ್ರೆ ಚೆನ್ನಾಗಿ ಹತ್ತುತ್ತೆ.